ಶರೀಫರ ಪದ, ಗಿಟಾರಿನ ಗುಡುಗು

ನಮ್ಮ ಕಿರಿಮಂಜೇಶ್ವರದ ಆಷಾಢವನ್ನು ಕಂಡವರಿಗೆ ಮಳೆಯ ವರ್ಣನೆ ಬೇಕಾಗಿಲ್ಲ. ಕಾಣದವರಿಗೆ ಅದನ್ನು ವರ್ಣಿಸಿ ತಿಳಿಸುವುದು ಸುಲಭವೂ ಅಲ್ಲ. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಹೆದ್ದಾರಿ. ಇವೆರಡರ ನಡುವೆ ನಮ್ಮದೊಂದು ಹಳೆಯ ಹೆಂಚಿನ ಮನೆ. ಗಾಳಿ ಬೀಸಿ ಹೆಂಚು ಸರಿಯಿತೆಂದರೆ ಸೋರದ ಕೋಣೆಯೇ ಇಲ್ಲ. ಕಳೆದ ಆಷಾಢದ ಒಂದು ರಾತ್ರಿ, ಜಗಲಿಯಲ್ಲಿ ಎರಡು ಕಡೆ ಪಾತ್ರೆಯಿಟ್ಟು, ಮರುದಿನದ ಪಾಠಕ್ಕೆಂದು ಶಿಶುನಾಳ ಶರೀಫರ ತತ್ತ್ವಪದಗಳನ್ನು ತೆರೆದು ಕುಳಿತಿದ್ದೆ. ಓದುತ್ತಿದ್ದುದು ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಪದವನ್ನೇ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲವೆಂದು ಓದುಗರು ನಂಬಬೇಕು.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ರಜೆಗೆ ಬಂದಿದ್ದ. ಕರಿಯ ಅಂಗಿ, ಅದರ ಮೇಲೊಂದು ತಲೆಬುರುಡೆಯ ಚಿತ್ರ, ಕೈಯಲ್ಲಿ ತೆಂಗಿನ ಚಿಪ್ಪಿನಷ್ಟು ದೊಡ್ಡ ಒಂದು ಸ್ಪೀಕರು. ಸಂಜೆಯಿಂದ ಆ ಚಿಪ್ಪಿನೊಳಗಿಂದ ಹೊರಡುತ್ತಿದ್ದ ಸದ್ದು ಮಳೆಯನ್ನೂ ಕಡಲನ್ನೂ ಸೋಲಿಸುವಂತಿತ್ತು. ಅದಕ್ಕೆ ‘ಹೆವಿ ಮೆಟಲ್’ ಎಂದು ಹೆಸರೆಂದು ಅವನೇ ತಿಳಿಸಿದ. ನಾನು ಏನನ್ನೂ ಹೇಳದೆ ಸಹಿಸಿಕೊಂಡಿದ್ದೆ. ಒಮ್ಮೆ ಅವನು ನನ್ನ ಹೆಗಲ ಮೇಲಿಂದ ಪುಸ್ತಕವನ್ನು ಇಣುಕಿ ನೋಡಿ, “ಮಾವ, ಇದು ನನಗೆ ಗೊತ್ತು!” ಎಂದ. ಕನ್ನಡದ ಪುಸ್ತಕವನ್ನು ಮುಟ್ಟದ ಹುಡುಗನಿಗೆ ಶರೀಫರ ಪದ ಗೊತ್ತೆಂದರೆ ಆಶ್ಚರ್ಯವೆನಿಸದಿರುತ್ತದೆಯೆ? ಮರುಕ್ಷಣದಲ್ಲಿ ಅದೇ ಚಿಪ್ಪಿನಿಂದ ಗಿಟಾರಿನ ದನಿಯೊಂದು ಎದ್ದಿತು; ಅದರ ಬೆನ್ನಿಗೆ ತುಂಬು ಕಂಠವೊಂದು ನನ್ನ ಮುಂದಿದ್ದ ಪುಟದ ಪದವನ್ನೇ ಹಾಡತೊಡಗಿತು.

ಆ ಹಾಡು ಮುಗಿಯುವವರೆಗೆ ನಾನು ಆಡಿದ ಮಾತಿಲ್ಲ. ಹಾಡಿನ ಸೊಗಸು ಅದಕ್ಕೆ ಅರ್ಧ ಕಾರಣ. ಇನ್ನರ್ಧ ಕಾರಣ, ಆರು ವರ್ಷಗಳ ಹಿಂದೆ ನಾನೇ ಮಾಡಿದ್ದ ಒಂದು ತಪ್ಪು ನೆನಪಿಗೆ ಬಂದುದು.

ನಾನು ಪಾಠ ಹೇಳುವ ಕಾಲೇಜಿನಲ್ಲಿ ಆ ವರ್ಷ ಸಾಂಸ್ಕೃತಿಕ ಸಮಿತಿಯ ಹೊಣೆ ನನ್ನದಾಗಿತ್ತು. ವಾರ್ಷಿಕೋತ್ಸವಕ್ಕೆ ಒಂದು ವಾರವಿರುವಾಗ, ಕೊಡೇರಿಯ ಕಡೆಯ ಮೀನುಗಾರರ ಮನೆಯ ಹುಡುಗನೊಬ್ಬ, ಕೊನೆಯ ವರ್ಷದ ಬಿ.ಎ. ವಿದ್ಯಾರ್ಥಿ, ನನ್ನ ಬಳಿಗೆ ಬಂದು, ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತ ಶರೀಫರ ಪದವೊಂದನ್ನು ಹಾಡಲು ಅನುಮತಿ ಬೇಡಿದ. ಗಿಟಾರು ಅವನ ಜೊತೆಯಲ್ಲೇ ಇತ್ತು. ಒಮ್ಮೆ ಕೇಳಿ ಎಂದು ಅವನ ಮುಖವೇ ಹೇಳುತ್ತಿತ್ತು. ನಾನು ಕೇಳಲಿಲ್ಲ. ಸಂತರ ವಾಣಿಯನ್ನು ಗದ್ದಲಕ್ಕೆ ಸಿಕ್ಕಿಸುವುದು ಅಪಚಾರವೆಂದು ಅಧ್ಯಾಪಕರ ಕೋಣೆಯಲ್ಲಿ ನಾಲ್ಕು ಜನರ ಎದುರಿಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಹುಡುಗ “ಆಯ್ತು ಸರ್” ಎಂದು ಹೊರಟುಹೋದ. ಸಂಸ್ಕೃತಿಯನ್ನು ಕಾಪಾಡಿದೆನೆಂಬ ತೃಪ್ತಿಯಲ್ಲಿ ಅಂದು ನಾನು ಮನೆಗೆ ಹೋದೆ.

ಯಾವುದನ್ನು ಕೇಳದೆಯೇ ತಿರಸ್ಕರಿಸಿದ್ದೆನೋ ಅದನ್ನು ಈಗ ಕೇಳಬೇಕೆನಿಸಿತು. ಆ ಮಳೆಗಾಲವಿಡೀ ಸೋದರಳಿಯನನ್ನು ಗುರುವಾಗಿ ಮಾಡಿಕೊಂಡು ಕೇಳಿದೆ, ತಿಳಿದೆ. ಹಾಗೆ ತಿಳಿದುದನ್ನು ನನ್ನಂಥ ಇತರ ಮೇಷ್ಟರುಗಳ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

*

ಹೆವಿ ಮೆಟಲ್ ಎಂಬುದರ ಹುಟ್ಟಿನ ಕಥೆಯೇ ಲೋಹದೊಡನೆ ಬೆರೆತುಕೊಂಡಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಐಯೋಮಿ ಎಂಬ ಹದಿನೇಳರ ಹುಡುಗ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ಕೆಲಸ ಬಿಟ್ಟು ಸಂಗೀತಕ್ಕೇ ಹೊರಡಬೇಕೆಂದಿದ್ದ ಕೊನೆಯ ದಿನ, ಗಿಟಾರಿನ ತಂತಿಯನ್ನೊತ್ತುವ ಅವನ ಕೈಯ ಎರಡು ಬೆರಳುಗಳ ತುದಿಯನ್ನು ಯಂತ್ರ ಕತ್ತರಿಸಿತು. ಆತ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡ. ನೋವಾಗದಂತೆ ತೆಳುವಾದ ತಂತಿಗಳನ್ನು ಕಟ್ಟಿದ. ಮುಂದೆ ಆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೂ ತಗ್ಗಿಸಿದ. ಆ ತಗ್ಗಿದ, ಭಾರವಾದ ನಾದವೇ ಒಂದು ಹೊಸ ಮಾರ್ಗಕ್ಕೆ ನಾಂದಿಯಾಯಿತು. ‘ಬ್ಲ್ಯಾಕ್ ಸಬ್ಬತ್’ ಎಂಬ ಅವನ ತಂಡದ ಮೊದಲ ಆಲ್ಬಮ್, ಎಂದರೆ ಹಾಡುಗಳ ಸಂಪುಟ, 1970ರ ಫೆಬ್ರವರಿಯಲ್ಲಿ ಹೊರಬಂತು. ಆ ತಂಡ 2025ರ ಜುಲೈ 5ರಂದು ಹುಟ್ಟೂರಿನಲ್ಲೇ ಕೊನೆಯ ಬಾರಿಗೆ ಹಾಡಿತು. ಅದಾದ ಹದಿನೇಳು ದಿನಗಳಿಗೆ ಅದರ ಗಾಯಕ ಆಝಿ ಆಸ್‌ಬರ್ನ್ ತೀರಿಕೊಂಡ.

ಆ ಮೊದಲ ಸಂಪುಟದ ಮೊದಲ ಹಾಡಿನಲ್ಲಿ ಸಂಗೀತ ಬಲ್ಲ ನಮ್ಮವರನ್ನು ನಗಿಸುವಂಥ ಸಂಗತಿಯೊಂದಿದೆ. ಆಧಾರಸ್ವರದಿಂದ ಆರು ಸ್ವರಸ್ಥಾನಗಳ ಮೇಲಿರುವ ಸ್ವರವನ್ನು, ಎಂದರೆ ಸಪ್ತಕದ ಸರಿಯಾದ ನಡುಮಧ್ಯವನ್ನು, ಆ ಹಾಡು ಮತ್ತೆ ಮತ್ತೆ ಮೀಟುತ್ತದೆ. ಆ ಅಂತರಕ್ಕೆ ಯೂರೋಪಿನ ಹಿಂದಿನ ಶಾಸ್ತ್ರಜ್ಞರು ‘ಸಂಗೀತದೊಳಗಿನ ಸೈತಾನ’ ಎಂದು ಹೆಸರಿಟ್ಟಿದ್ದರು. ಕೇಳುವವರ ಎದೆಯಲ್ಲಿ ಭಯ ಹುಟ್ಟಿಸಲೆಂದೇ ಅದನ್ನು ಅಲ್ಲಿ ಬಳಸಿದೆ. ನಮ್ಮಲ್ಲಿ ಅದೇ ಸ್ವರಕ್ಕೆ ಪ್ರತಿಮಧ್ಯಮವೆಂದು ಹೆಸರು. ಎಪ್ಪತ್ತೆರಡು ಮೇಳಕರ್ತಗಳಲ್ಲಿ 37ರಿಂದ 72ರವರೆಗಿನ ಮೂವತ್ತಾರು ಅದನ್ನೇ ಆಶ್ರಯಿಸಿವೆ. ಕಲ್ಯಾಣಿಯೆಂಬ ಮಂಗಳಕರ ಹೆಸರಿನ ರಾಗವೂ ಅವುಗಳಲ್ಲಿ ಒಂದು. ಒಂದು ನಾಡಿನ ಸೈತಾನ ಇನ್ನೊಂದು ನಾಡಿನಲ್ಲಿ ಕಲ್ಯಾಣಿಯಾಗುವುದಾದರೆ, ಸ್ವರದಲ್ಲಿ ಪಾಪಪುಣ್ಯಗಳಿಲ್ಲವೆಂದೇ ಅರ್ಥ. ಹಾಗೆಂದರೆ ವಾದ್ಯದಲ್ಲಿಯೂ ಇರಲಾರದಷ್ಟೆ?

ಈ ಸಂಗೀತ ನಮ್ಮ ನಾಡಿಗೆ ಬಂದು ಬಹಳ ವರ್ಷಗಳಾದುವು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ‘ಐರನ್ ಮೇಡನ್’ ತಂಡವೂ, 2011ರ ಅಕ್ಟೋಬರ್ 30ರಂದು ‘ಮೆಟಾಲಿಕಾ’ ತಂಡವೂ ಹಾಡಿದವು. ಕೇಳಿದವರು ಮಾತ್ರವಲ್ಲ, ಕಟ್ಟಿದವರೂ ಅಲ್ಲಿದ್ದಾರೆ: 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕ್ರಿಪ್ಟಾಸ್’ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಎಂಬ ಹಳ್ಳಿಯಲ್ಲಿ ನಡೆಯುವ ಹೆಸರಾಂತ ಮೆಟಲ್ ಉತ್ಸವದಲ್ಲಿ ಹಾಡಿ ಬಂತು. ಅವರ ಹಾಡುಗಳ ಭಾಷೆ ಇಂಗ್ಲಿಷು. ಇನ್ನೊಂದು ದಾರಿ ಹಿಡಿದದ್ದು 2003ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ‘ಅಗಮ್’ ತಂಡ. ಅದರ 2012ರ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ ಎಂಬ ಸಂಪುಟದಲ್ಲಿ ತ್ಯಾಗರಾಜರ ಹಂಸನಾದದ ಕೃತಿಯೊಂದು ಗಿಟಾರು ಡ್ರಮ್ಮುಗಳ ರಭಸದೊಳಗೆ ನುಗ್ಗಿ ಹೊರಬರುತ್ತದೆ. ರಾಗ ಎಲ್ಲಿಯೂ ಕೆಡುವುದಿಲ್ಲ. ಅದನ್ನು ಕೇಳಿದಾಗ ನನಗೆ ಸಂತೋಷವಾಯಿತು. ಆದರೆ ಕನ್ನಡ ಕಲಿಸುವವನ ಹೊಟ್ಟೆಕಿಚ್ಚು ಹೋಗುವುದುಂಟೆ? ನಮ್ಮ ನುಡಿಯ ಗತಿಯೇನು ಎಂಬ ಪ್ರಶ್ನೆ ಉಳಿದೇ ಇತ್ತು.

*

ಆ ರಾತ್ರಿ ನಾನು ಕೇಳಿದ ಹಾಡು 2008ರಲ್ಲಿ ಹೊರಬಂದ ರಘು ದೀಕ್ಷಿತರ ಮೊದಲ ಸಂಪುಟದ್ದು. ಮೈಸೂರಿನಲ್ಲಿ ಬೆಳೆದ, ಸೂಕ್ಷ್ಮಜೀವಿಶಾಸ್ತ್ರವನ್ನು ಓದಿದ, ಭರತನಾಟ್ಯವನ್ನು ಕಲಿತ, ಗಿಟಾರನ್ನು ಮಾತ್ರ ಯಾವ ಗುರುವಿನ ಬಳಿಗೂ ಹೋಗದೆ ತಾನಾಗಿ ಅಭ್ಯಾಸ ಮಾಡಿದ ಗಾಯಕ ಇವರು. ಮೊದಲು ‘ಅಂತರಾಗ್ನಿ’ ಎಂಬ ತಂಡವನ್ನು ಕಟ್ಟಿದರು. ಆಮೇಲೆ ಅವರ ಹೆಸರಿನಲ್ಲೇ ಇನ್ನೊಂದು ತಂಡ ನಡೆಯಿತು. ಹಿಂದಿಯ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಈ ಸಂಪುಟವನ್ನು ಹೊರತಂದಿತು. ಹಿಂದಿ, ಇಂಗ್ಲಿಷು, ಕನ್ನಡ, ಮೂರು ಭಾಷೆಯ ಹಾಡುಗಳೂ ಇದರಲ್ಲಿವೆ. ಕನ್ನಡದವು ಎರಡೂ ಶರೀಫರವು: ‘ಸೋರುತಿಹುದು ಮನೆಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೋ’. ಎರಡು ವರ್ಷಗಳ ತರುವಾಯ, 2010ರಲ್ಲಿ, ಇಂಗ್ಲೆಂಡಿನ ಜೂಲ್ಸ್ ಹಾಲೆಂಡ್ ಅವರ ದೂರದರ್ಶನ ಕಾರ್ಯಕ್ರಮದಲ್ಲಿ ಈ ತಂಡ ಹಾಡಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿಯೂ ಅದಕ್ಕೆ ಬಂತು.

ಇದನ್ನು ಹೆವಿ ಮೆಟಲ್ ಎಂದರೆ ನನ್ನ ಸೋದರಳಿಯ ಒಪ್ಪುವುದಿಲ್ಲ; ಜಾನಪದದೊಡನೆ ಬೆರೆತ ರಾಕ್ ಎಂದು ಅವನು ನನ್ನನ್ನು ತಿದ್ದುತ್ತಾನೆ. ಆದರೆ ನನ್ನಂಥವನ ಕಿವಿಗೆ ಎರಡೂ ಒಂದೇ ಕುಲದವು. ತಂತಿಯೊಳಗೆ ವಿದ್ಯುತ್ತು ಹರಿದಿದೆ, ತಾಳ ಎದೆಗೆ ಬಡಿಯುತ್ತದೆ, ಹಾಡುವವನು ಗಂಟಲನ್ನು ಅಡಗಿಸಿಟ್ಟುಕೊಳ್ಳುವುದಿಲ್ಲ. ಇದರ ನಡುವೆಯೂ ಪದದ ಒಂದೊಂದು ಅಕ್ಷರ ಬಿಡಿಸಿ ಕೇಳಿಸುತ್ತದೆಂಬುದನ್ನು ಗಮನಿಸಬೇಕು. ‘ಮಾಳಿಗೆ’ ಎಂದು ತಿದ್ದದೆ ‘ಮಾಳಿಗಿ’ ಎಂದೇ ಹಾಡಿದ್ದಾರೆ. ಮೈಸೂರಿನ ನಾಲಗೆ ಧಾರವಾಡದ ನುಡಿಗೆ ತಲೆಬಾಗಿರುವುದು ಸಣ್ಣ ಸಂಗತಿಯಲ್ಲ.

ಈ ‘ಮಾಳಿಗಿ’ಯ ವಿಚಾರದಲ್ಲಿ ಒಂದು ಮಾತು. ಕರಾವಳಿಯ ವಿದ್ಯಾರ್ಥಿಗಳಿಗೆ ಮಾಳಿಗೆಯೆಂದರೆ ಉಪ್ಪರಿಗೆ, ಮೇಲಂತಸ್ತು. ಉತ್ತರ ಕರ್ನಾಟಕದ ಬಯಲಿನಲ್ಲಿ ಅದು ಮಣ್ಣು ಮುಚ್ಚಿದ ಸಮತಟ್ಟಾದ ಛಾವಣಿ. ತೊಲೆಗಳ ಮೇಲೆ ಜಂತಿಗಳನ್ನು ಹಾಸಿ, ಅದರ ಮೇಲೆ ಮಣ್ಣು ಹೊದಿಸಿ, ಮಳೆಗಾಲಕ್ಕೆ ಮುಂಚೆ ಮಣ್ಣನ್ನು ಸರಿಪಡಿಸಿಕೊಳ್ಳಬೇಕು. ನಮ್ಮಲ್ಲಿ ಪಕ್ಕಾಸು, ರೀಪು, ಹೆಂಚು. ಒಂದು ಹೆಂಚು ಸರಿದರೆ ಕೆಳಗಿನಿಂದಲೇ ಕೋಲಿನಲ್ಲಿ ತಳ್ಳಿ ಕೂಡಿಸಬಹುದು. ಮಣ್ಣಿನ ಮಾಳಿಗೆ ಸೋರಿದರೆ ಹಾಗಾಗದು. ಯಾರಾದರೂ ಮೇಲೆ ಹತ್ತಲೇಬೇಕು. ಒಳಗೆ ಜಂತಿ ಹುಳುಕಾಗಿ ಕೀಲು ಸಡಿಲಿದ್ದರೆ ಹತ್ತಿದವನ ಭಾರಕ್ಕೆ ಛಾವಣಿಯೇ ಕುಸಿಯಬಹುದು. ಸೋರಿಕೆಯನ್ನು ಕಂಡೂ ಕತ್ತಲಲ್ಲಿ ಮೇಲೇರಲಾರೆನೆಂಬ ಆ ಪದದ ಕಳವಳ ಆಗ ಅರ್ಥವಾಗುತ್ತದೆ. ಅಜ್ಞಾನದಿಂದ ಜೀರ್ಣವಾದ ದೇಹ, ಅದನ್ನು ದುರಸ್ತಿ ಮಾಡಬೇಕಾದವನೂ ಅದರೊಳಗೇ ಸಿಕ್ಕಿಕೊಂಡವನು. ಹದಿನೆಂಟು ವರ್ಷ ಈ ಪದವನ್ನು ಬೋಧಿಸಿದ ನಾನು ಅದರ ಭಯವನ್ನು ಎಂದೂ ಹೇಳಿರಲಿಲ್ಲ. ಅದರ ವೇದಾಂತವನ್ನು ಮಾತ್ರ ಹೇಳಿದ್ದೆ. ಭಯ ನನ್ನ ಕಿವಿಗೆ ಬಿದ್ದದ್ದು ಗಿಟಾರಿನ ಜೊತೆಗೆ.

*

‘ಶರೀಫರ ಮೂಲ ಧಾಟಿಯನ್ನು ಕೆಡಿಸಬಾರದು’ ಎಂದು ಆರು ವರ್ಷಗಳ ಹಿಂದೆ ಆ ಹುಡುಗನಿಗೆ ನಾನು ಹೇಳಿದ ನೆನಪು. ಆ ಮೂಲ ಧಾಟಿ ಎಲ್ಲಿದೆ? 1819ರಲ್ಲಿ ಹುಟ್ಟಿದ ಶರೀಫರು 1889ರಲ್ಲಿ ತೀರಿಕೊಂಡರು. ಗ್ರಾಮಫೋನಿನವರು ಭಾರತಕ್ಕೆ ಬಂದು ಇಲ್ಲಿಯ ಗಾಯಕರ ದನಿಯನ್ನು ಹಿಡಿದದ್ದು 1902ರಲ್ಲಿ. ಶರೀಫರ ಕಂಠವನ್ನು ಹಿಡಿದಿಟ್ಟ ಯಂತ್ರ ಯಾವುದೂ ಇಲ್ಲ. ಪದಗಳು ಬಾಯಿಂದ ಬಾಯಿಗೆ, ಭಜನೆಯಿಂದ ಭಜನೆಗೆ, ಏಕತಾರಿ ದಮ್ಮಡಿಗಳ ಜೊತೆಯಲ್ಲಿ ಸಾಗಿ ಬಂದುವು. ನಾವು ನಗರದವರೂ ಕರಾವಳಿಯವರೂ ‘ಶರೀಫರ ಧಾಟಿ’ ಎಂದು ತಿಳಿದಿರುವುದು ಬಹುಮಟ್ಟಿಗೆ ಸಿ. ಅಶ್ವತ್ಥರು ಕೂಡಿಸಿದ ಧಾಟಿ. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ 1990ರಲ್ಲಿ ಬಂದಾಗ, ಶ್ರೀಧರ್ ಶರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿಯೂ ಕಾಣಿಸಿಕೊಂಡ ಆ ಚಿತ್ರದ ಮೂಲಕ ಅಶ್ವತ್ಥರ ಸ್ವರಗಳು ಮನೆಮನೆಗೂ ಹೋದುವು. ಅಶ್ವತ್ಥರ ಹಾಡಿಕೆಯನ್ನು ನಾನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತೇನೆ. ಆದರೆ ಅದರ ಹಿಂದೆಯೂ ವಾದ್ಯವೃಂದವಿತ್ತು, ಧ್ವನಿಮುದ್ರಣದ ಕೋಣೆಯಿತ್ತು, ಹೊಸಗಾಲದ ರುಚಿಯಿತ್ತು. ದೀಕ್ಷಿತರು ಅಶ್ವತ್ಥರನ್ನು ಅನುಕರಿಸದೆ ತಮ್ಮದೇ ಧಾಟಿಯನ್ನು ಹಾಕಿಕೊಂಡರು. ನಾನು ಮೂಲವೆಂದು ಕಾವಲು ಕಾಯುತ್ತಿದ್ದುದು ನನ್ನ ಬಾಲ್ಯದ ಕ್ಯಾಸೆಟ್ಟನ್ನು!

ಶರೀಫರಾದರೂ ಬೆರಕೆಗೆ ಹೆದರಿದವರೆ? ಮುಸಲ್ಮಾನ ಕುಲದಲ್ಲಿ ಹುಟ್ಟಿ, ಕಳಸದ ಬ್ರಾಹ್ಮಣ ಗೋವಿಂದಭಟ್ಟರನ್ನು ಗುರುವಾಗಿ ಪಡೆದವರು ಅವರು. ತತ್ತ್ವ ಹೇಳಲು ಅವರು ಶಾಸ್ತ್ರದ ಗ್ರಂಥವನ್ನು ಹುಡುಕಲಿಲ್ಲ. ಕಣ್ಣಿಗೆ ಬಿದ್ದ ವಸ್ತುವನ್ನೇ ಕೈಗೆತ್ತಿಕೊಂಡರು. ಭಂಗಿ ಸೇದುವವರ ಗುಡುಗುಡಿಯನ್ನು ಕಂಡು ಮನಸ್ಸನ್ನು ಸಂಚಿಯಾಗಿಸಿ, ನೆನಹನ್ನು ಚಿಲುಮೆಯಾಗಿಸಿ, ಬುದ್ಧಿಯನ್ನು ಬೆಂಕಿಯಾಗಿಸಿದರು. ಹೊಸ ಯಂತ್ರಗಳ ಗಿರಣಿಯನ್ನು ಕಂಡು ಅದರ ವಿಸ್ತಾರವನ್ನೂ ಒಂದು ಪದಕ್ಕೆ ಒಗ್ಗಿಸಿದರು. ಕನ್ನಡ ನಾಡಿಗೆ ಉಗಿಯಂತ್ರ ಹೊಸತಾಗಿದ್ದ ಕಾಲವದು. ಸಂತನೊಬ್ಬ ಗಿರಣಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳದೆ ಅದರಲ್ಲಿ ದೇಹತತ್ತ್ವವನ್ನು ಕಂಡ. ಮುಂದಿನ ಶತಮಾನದಲ್ಲಿ, ಏಳು ಕಡಲಾಚೆ, ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡ ಹುಡುಗನೊಬ್ಬ ಅದೇ ಯಂತ್ರಲೋಕದ ಭಾರವನ್ನು ತಂತಿಗೆ ಇಳಿಸಿದ. ಇಬ್ಬರಿಗೂ ಸಂಬಂಧವಿಲ್ಲ, ನಿಜ. ಆದರೆ ಒಬ್ಬರ ಪದ ಇನ್ನೊಬ್ಬರ ನಾದಕ್ಕೆ ಕೂಡುವುದೇ ಇಲ್ಲವೆಂದು ಹೇಳುವ ಧೈರ್ಯ ಈಗ ನನಗಿಲ್ಲ.

ನಮ್ಮ ಕುಂದಾಪುರ ಸೀಮೆಯವರಿಗೆ ಇದು ಹೊಸ ತಗಾದೆಯೂ ಅಲ್ಲ. ಕೋಟದ ಶಿವರಾಮ ಕಾರಂತರು ತಮ್ಮ ಯಕ್ಷರಂಗದಲ್ಲಿ ಚಂಡೆ ಮದ್ದಲೆಗಳ ಜೊತೆಗೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಕೂಡಿಸಿದಾಗ, ಇದು ಯಕ್ಷಗಾನವೇ ಅಲ್ಲವೆಂದವರು ಎಷ್ಟು ಜನ! ಯಕ್ಷಗಾನದ ಪರಂಪರೆಯನ್ನು ಊರೂರು ತಿರುಗಿ ಶೋಧಿಸಿ, ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದವರೂ ಅವರೇ ಎಂಬುದನ್ನು ಮರೆಯಬಾರದು. ಬಲ್ಲವರೇ ಬದಲಿಸಿದರು. ಗುಂಡ್ಮಿ ಕಾಳಿಂಗ ನಾವುಡರು ಭಾಗವತಿಕೆಗೆ ಹೊಸ ರಾಗಗಳನ್ನು ತಂದಾಗಲೂ ಗೊಣಗಾಟ ನಡೆಯಿತು. 1990ರಲ್ಲಿ, ಎಳೆಯ ವಯಸ್ಸಿನಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡ ಮೇಲೆ, ಅವರ ಧಾಟಿಯನ್ನು ಅನುಸರಿಸದ ಬಡಗಿನ ಭಾಗವತರು ವಿರಳವೆನ್ನುವಂತಾಯಿತು. ಇನ್ನು ಮಂಗಳೂರಿನ ಕದ್ರಿ ಗೋಪಾಲನಾಥರು: ಪರದೇಶದ ಬ್ಯಾಂಡಿನ ವಾದ್ಯವನ್ನು ಕರ್ನಾಟಕ ಸಂಗೀತದ ಗಮಕಕ್ಕೆ ಪಳಗಿಸಿ, 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2008ರಲ್ಲಿ, ಕನ್ನಡ ಮನೆತನದ ಕುಡಿಯಾಗಿ ಅಮೆರಿಕದಲ್ಲಿ ಬೆಳೆದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪನವರೊಡನೆ ‘ಕಿನ್ಸ್‌ಮೆನ್’ ಎಂಬ ಸಂಪುಟವನ್ನು ಹೊರತಂದರು. ನಮ್ಮ ಮದುವೆಯ ಮಂಟಪಗಳಲ್ಲಿ ಸ್ಯಾಕ್ಸೊಫೋನು ಮೊಳಗಿದರೆ ಅದು ಪರಕೀಯವೆಂದು ಈಗ ಯಾರಿಗೂ ಹೊಳೆಯುವುದೇ ಇಲ್ಲ.

*

ಇಷ್ಟೆಲ್ಲ ಹೇಳಿ, ನಷ್ಟವೇನೂ ಇಲ್ಲವೆಂದು ನಾನು ಸಾಧಿಸಿದರೆ ಅದು ಇನ್ನೊಂದು ಅಪ್ರಾಮಾಣಿಕತೆಯಾದೀತು. ತತ್ತ್ವಪದವನ್ನು ಊರ ಗುಡಿಯಲ್ಲೋ ಮಠದ ಪಡಸಾಲೆಯಲ್ಲೋ ರಾತ್ರಿ ಕುಳಿತು ಹಾಡುವಾಗ, ಹಾಡುವವನು ನಡುವೆ ನಿಲ್ಲಿಸುತ್ತಾನೆ. ಕೇಳುವವನು ಅರ್ಥವೇನೆಂದು ಕೇಳುತ್ತಾನೆ. ಹಿರಿಯನೊಬ್ಬ ಬಿಡಿಸಿ ಹೇಳುತ್ತಾನೆ. ಆ ನಿಲುಗಡೆ ಪದದ ಒಂದು ಅಂಗವೇ ಆಗಿದೆ. ಸಾವಿರಾರು ಜನ ಕುಣಿಯುವ ವೇದಿಕೆಯ ಮುಂದೆ ಅದಕ್ಕೆ ಎಡೆಯಿಲ್ಲ. ನನ್ನ ಸೋದರಳಿಯನನ್ನೇ ಕೇಳಿದೆ: “ಗುಡುಗುಡಿಯ ಪದ ಏನು ಹೇಳುತ್ತದೆ?” “ಮಜವಾಗಿ ಹೊಗೆ ಸೇದಿ ಎಂದು ಹೇಳುತ್ತದೆ, ಅಲ್ಲವೆ ಮಾವ?” ಎಂದ. ಒಡಲೊಳಗಿನ ರೋಗವನ್ನು ತೆಗೆದುಹಾಕಲು ಬರೆದ ಪದವನ್ನು ಆತ ಅಮಲಿನ ಹಾಡೆಂದು ತಿಳಿದು ಎರಡು ವರ್ಷ ಕುಣಿದಿದ್ದ. ನಾನು ನಕ್ಕೆ, ಆಮೇಲೆ ನಗು ನಿಂತಿತು. ಹಾಡಿದವರು ಹಾಡಿ ಅವನ ಕಿವಿಗೆ ಪದವನ್ನು ಮುಟ್ಟಿಸಿದ್ದರು. ಅರ್ಥವನ್ನು ಮುಟ್ಟಿಸಬೇಕಾದವರು ಯಾರು? ಅದು ನನ್ನ ಸಂಬಳದ ಕೆಲಸ. ಗಿಟಾರಿನವರು ತಮ್ಮ ಪಾಲಿನದನ್ನು ಮಾಡಿದ್ದರು. ನಮ್ಮ ಪಾಲು ಬಾಕಿಯಿತ್ತು.

ಆ ರಾತ್ರಿ ಒಳಕೋಣೆಯಲ್ಲಿ ಮಲಗಿದ್ದ ನನ್ನ ತಂದೆಯವರೂ ಹಾಡನ್ನು ಕೇಳಿದ್ದರೆಂಬುದು ಬೆಳಿಗ್ಗೆ ತಿಳಿಯಿತು. ಎಂಬತ್ತು ದಾಟಿದ ಅವರು ಕಾಳಿಂಗ ನಾವುಡರ ಪದ್ಯವನ್ನು ಕೇಳಲು ಮೈಲಿಗಟ್ಟಲೆ ನಡೆದವರು. ಬಯ್ಯುತ್ತಾರೆಂದು ಅಂಜಿದ್ದೆ. ಅವರು, “ಚಂಡೆ ಜೋರಾಯ್ತ್ ಮಗಾ. ಆರೂ ಅಡ್ಡಿಲ್ಲ, ಪದ ಕೇಣ್ತ್” ಎಂದು ಹೇಳಿ ಗಂಜಿಯೂಟಕ್ಕೆ ಕುಳಿತರು. ಹಿಮ್ಮೇಳ ಎಷ್ಟೇ ಜೋರಾಗಲಿ, ಪದ ಕೇಳಿಸುತ್ತದೆಯೆ ಇಲ್ಲವೆ ಎಂಬುದೇ ಅವರ ಅಳತೆಗೋಲು. ಎಂ.ಎ. ಮಾಡಿದ ನನ್ನ ಬಳಿ ಇದಕ್ಕಿಂತ ಒಳ್ಳೆಯ ಅಳತೆಗೋಲು ಇರಲಿಲ್ಲ.

*

ಮಳೆ ಹೊಳವಾದ ಒಂದು ಸಂಜೆ ಕೊಡೇರಿಗೆ ಹೋದೆ. ಯಂತ್ರದ ದೋಣಿಗಳಿಗೆ ಜುಲೈ ಮುಗಿಯುವವರೆಗೆ ಕಡಲಿಗಿಳಿಯಲು ನಿಷೇಧವಿರುವ ಕಾಲ. ದಡದಲ್ಲಿ ದೋಣಿಗಳು ಮಡಲಿನ ಹೊದಿಕೆಯ ಕೆಳಗೆ ಮಲಗಿದ್ದುವು. ನನ್ನ ಹಳೆಯ ವಿದ್ಯಾರ್ಥಿ ತನ್ನ ತಂದೆಯ ಪಕ್ಕದಲ್ಲಿ ಕುಳಿತು ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದ. ಎದ್ದು ನಿಂತು ನಮಸ್ಕರಿಸಿದ. ಬಂದ ಕಾರಣವನ್ನು ಹೇಳಲು ನನಗೆ ತುಸು ಹೊತ್ತು ಹಿಡಿಯಿತು. ಅಂದು ಮಾಡಿದ್ದು ತಪ್ಪೆಂದು ಹೇಳಿದೆ. ಅವನು ಬಲೆಯ ನೂಲನ್ನು ಬೆರಳಿಗೆ ಸುತ್ತುತ್ತ, “ಬೇಡ ಅಂದದ್ದಕ್ಕ್ ಬೇಜಾರಿಲ್ಲೆ ಸರ್. ಒಂದ್ ಸಲ ಕೇಂಡ್ ಬೇಡ ಅಂದಿದ್ರೆ ಸಾಕಿತ್” ಎಂದ.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ವಾರ್ಷಿಕೋತ್ಸವದ ಬಳಿಕ ಅವನು ವೇದಿಕೆ ಹತ್ತಿಲ್ಲವೆಂದು ಅವನ ತಂದೆ ಹೇಳಿದರು. ಎಂ.ಎ.ಗೆ ಕನ್ನಡವನ್ನು ಆರಿಸಿಕೊಳ್ಳಬೇಕೆಂದಿದ್ದನಂತೆ, ಅದನ್ನೂ ಬಿಟ್ಟನಂತೆ. ಒಂದು ಹಾಡಿನ ನಿರಾಕರಣೆಯೇ ಇದಕ್ಕೆಲ್ಲ ಕಾರಣವೆಂದು ನಾನು ಹೇಳಲಾರೆ. ಮನೆಯ ಬಡತನ, ಕಡಲಿನ ಕರೆ, ಏನೇನೋ ಇದ್ದಿರಬಹುದು. ಕಾರಣವಲ್ಲವೆಂದು ಹೇಳಿ ಕೈತೊಳೆದುಕೊಳ್ಳಲೂ ಮನಸ್ಸು ಒಪ್ಪುವುದಿಲ್ಲ. ಗಿಟಾರು ಇದೆಯೆ ಎಂದು ಕೇಳಿದೆ. “ಇತ್ತ್” ಎಂದ. ಕುಂದಾಪುರದ ಕಡೆಯ ‘ಇತ್ತ್’ ಎಂಬ ಮಾತು ‘ಇದೆ’ ಎಂಬ ಅರ್ಥ ಕೊಡುತ್ತದೆಂದು ಹೊರಗಿನವರಿಗೆ ಹೇಳಬೇಕಾದೀತು. ಆ ಕ್ಷಣ ನನಗೂ ಅದು ಹಳೆಯ ಮಾತಿನಂತೆ ಕೇಳಿಸಿ ಎದೆ ಧಸಕ್ಕೆಂದಿತು.

ಶ್ರಾವಣದ ಒಂದು ಬೆಳಿಗ್ಗೆ, ನನ್ನ ಬಿನ್ನಹವನ್ನು ಮನ್ನಿಸಿ ಅವನು ನಮ್ಮ ತರಗತಿಗೆ ಬಂದ. ಸಮಾರಂಭವೇನೂ ಇಲ್ಲ, ನಲವತ್ತು ಜನ ವಿದ್ಯಾರ್ಥಿಗಳು, ಒಂದು ಸಣ್ಣ ಪೆಟ್ಟಿಗೆಯಷ್ಟಿನ ಆಂಪ್ಲಿಫೈಯರು. ಪಕ್ಕದ ತರಗತಿಯವರಿಗೆ ಮೊದಲೇ ಹೇಳಿ ಕ್ಷಮೆ ಕೇಳಿಕೊಂಡಿದ್ದೆ. ಅವನು ಹಾಡಿದ್ದು ಸೋರುವ ಮಾಳಿಗೆಯ ಪದವನ್ನೇ. ಧಾಟಿ ಅಶ್ವತ್ಥರದೂ ಅಲ್ಲ, ದೀಕ್ಷಿತರದೂ ಅಲ್ಲ. ಶ್ರುತಿ ಎರಡು ಕಡೆ ತಪ್ಪಿತು. ನಡುವೆ ಬಂದ ಗಿಟಾರಿನ ಆರ್ಭಟ ನನ್ನ ರುಚಿಗೆ ಹೆಚ್ಚಾಯಿತು. ಹಾಗೆಂದು ಅವನಿಗೆ ಹೇಳಿದೆ ಕೂಡ. ಕೇಳಿದ ಮೇಲೆ ಹೇಳಿದ ಮಾತಾದ್ದರಿಂದ ಅವನು ನಕ್ಕು ಒಪ್ಪಿಕೊಂಡ. ಒಂದು ಕಡೆ ‘ಮಾಳಿಗೆ’ ಎಂದು ಹಾಡಿದ್ದನ್ನು ತಿದ್ದಿದೆ. ಆ ಸಾಲನ್ನು ‘ಮಾಳಿಗಿ’ ಎಂದೇ ಮತ್ತೆ ಹಾಡಿ ತೋರಿಸಿದ.

ಹಾಡು ಮುಗಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಜಂತಿ ಎಂದರೆ ಏನು?” ಎಂದಳು. ಹದಿನೆಂಟು ವರ್ಷಗಳಲ್ಲಿ ಆ ಪದದ ಬಗ್ಗೆ ವಿದ್ಯಾರ್ಥಿಗಳು ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಕಪ್ಪುಹಲಗೆಯ ಮೇಲೆ ಒಂದು ಕಡೆ ಮಣ್ಣಿನ ಮಾಳಿಗೆಯನ್ನೂ ಇನ್ನೊಂದು ಕಡೆ ನಮ್ಮ ಹೆಂಚಿನ ಮಾಡನ್ನೂ ಬರೆದು, ತೊಲೆ ಯಾವುದು, ಜಂತಿ ಯಾವುದು, ನಮ್ಮ ಪಕ್ಕಾಸು ಯಾವುದು ಎಂದು ತೋರಿಸತೊಡಗಿದೆ. ಗಂಟೆ ಹೊಡೆಯಿತು. ಅರ್ಧ ತರಗತಿ ಏಳಲಿಲ್ಲ. ಕಡಲು ಶಾಂತವಾಗಿದೆ, ಮಧ್ಯಾಹ್ನಕ್ಕೆ ದೋಣಿ ಇಳಿಸುತ್ತಾರೆ ಎಂದು ಹೇಳಿ, ನನ್ನ ಹಳೆಯ ವಿದ್ಯಾರ್ಥಿ ಗಿಟಾರನ್ನು ಚೀಲಕ್ಕೆ ತುಂಬಿ ಹೊರಟ. ನಾನು ಚಿತ್ರವನ್ನು ಮುಗಿಸಿದೆ.